‘ಚೆನ್ನಾಗಿತ್ತು’ ಅಂತ ಬರೆದು ಸಿಕ್ಕಿಬಿದ್ದೆ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಕೇಳಿದ ಕೆಲವರು ಬರೆದು ಕೊಡಿ ಅಂದರು. ಮಾತಾಡುವಾಗ ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಬೇರೇನೂ ಬದಲಾಯಿಸಿಲ್ಲ.)

ಎಲ್ಲರಿಗೂ ನಮಸ್ಕಾರ. ತಿಂಡಿ ಆಗಿದೆ ತಾನೆ? ಊಟದ ವಿಷಯ ಮಾತಾಡುವಾಗ ಎದುರಿಗೆ ಹಸಿದವರು ಕೂತಿದ್ದರೆ ನನಗೆ ಸ್ವಲ್ಪ ಭಯ.

ಮೂರು ತಿಂಗಳ ಹಿಂದೆ ನಾನೂ ನಮ್ಮ ಮನೆಯವರೂ ಒಂದು ಕಡೆ ಊಟಕ್ಕೆ ಹೋಗಿದ್ದೆವು. ಊಟ ಮುಗಿಯಿತು. ಬಿಲ್ಲು ಬರುವ ಮುಂಚೆ ಒಂದು ಕಾಗದ, ಒಂದು ಪೆನ್ಸಿಲ್ ಬಂತು. ಕಾಗದದಲ್ಲಿ ಆರು ಸಾಲು. ಸೂಪು ಹೇಗಿತ್ತು, ಊಟ ಹೇಗಿತ್ತು, ಸಿಹಿ ಹೇಗಿತ್ತು, ಬಡಿಸಿದ್ದು ಹೇಗಿತ್ತು, ಹೀಗೆ. ನಾನು ಬ್ಯಾಂಕಿನಲ್ಲಿ 34 ವರ್ಷ ಫಾರಂ ತುಂಬಿಸಿದವನು, ತುಂಬಿದವನು. ಆರಕ್ಕೆ ಆರೂ ‘ಚೆನ್ನಾಗಿತ್ತು’ ಅಂತ ಬರೆದು ಸಹಿ ಹಾಕಿ ಕೊಟ್ಟೆ. ಎರಡು ನಿಮಿಷಕ್ಕೆ ಒಬ್ಬ ಮೇಷ್ಟ್ರು ಆ ಕಾಗದ ಹಿಡಿದುಕೊಂಡು ನಮ್ಮ ಟೇಬಲ್ಲಿಗೆ ಬಂದರು. ತುಂಬ ಮರ್ಯಾದೆಯಿಂದಲೇ ಕೇಳಿದರು: ‘ಸರ್, ಎಲ್ಲದಕ್ಕೂ ಚೆನ್ನಾಗಿತ್ತು ಅಂತ ಬರೆದಿದ್ದೀರಿ. ಇದನ್ನ ಇಟ್ಟುಕೊಂಡು ನಾಳೆ ನಾನು ಕ್ಲಾಸಿನಲ್ಲಿ ಏನು ಹೇಳಲಿ?’

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿನ ಮಾತೆಲ್ಲ ಆ ಪ್ರಶ್ನೆಯದ್ದೇ.

ಅದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜೊಂದರ ಟ್ರೈನಿಂಗ್ ರೆಸ್ಟೋರೆಂಟು. ಕಾಲೇಜಿನ ಹೆಸರು ಹೇಳುವುದಿಲ್ಲ. ಯಾಕಂದರೆ ಅವತ್ತಿನ ಒಂದೆರಡು ಎಡವಟ್ಟುಗಳನ್ನೂ ಹೇಳಬೇಕಾಗಿದೆ. ಕಲಿಯುವ ಮಕ್ಕಳ ಎಡವಟ್ಟನ್ನು ಹೆಸರು ಹಿಡಿದು ಹೇಳುವುದು ಸರಿಯಲ್ಲ, ಅಲ್ವಾ?

ನಮ್ಮ ಅಕ್ಕನ ಮೊಮ್ಮಗಳು ಅಲ್ಲಿ ಓದುತ್ತಿದ್ದಾಳೆ. ಅವಳು ಸೇರುವಾಗ ಮನೆಯಲ್ಲಿ ಸಣ್ಣ ಯುದ್ಧವೇ ನಡೆದಿತ್ತು. ನಮ್ಮಕ್ಕನಿಗೆ 78 ವರ್ಷ. ‘ಅಡಿಗೆ ಕಲಿಯೋಕೆ ಲಕ್ಷ ಲಕ್ಷ ಕೊಟ್ಟು ಕಾಲೇಜಿಗೆ ಹೋಗಬೇಕಾ? ಬಾ, ನಾನು ಪುಕ್ಕಟೆ ಕಲಿಸ್ತೀನಿ’ ಅಂದಿದ್ದಳು. ಹುಡುಗಿ ಹಠ ಬಿಡಲಿಲ್ಲ. ಈಗ ಮೂರನೇ ವರ್ಷ. ಒಂದು ದಿನ ಫೋನ್ ಮಾಡಿದಳು. ‘ತಾತ, ಬುಧವಾರ ಮಧ್ಯಾಹ್ನ ನಮ್ಮ ಬ್ಯಾಚಿನ ಸರ್ವಿಸ್. ಟೇಬಲ್ ತುಂಬಬೇಕು. ಅಜ್ಜಿನೂ ಕರ್ಕೊಂಡು ಬನ್ನಿ. ಸುಮ್ನೆ ಉಂಡು ಹೋದರೆ ಸಾಕು.’

ಸುಮ್ನೆ ಉಂಡು ಹೋಗುವುದಕ್ಕೆ ನಮ್ಮನ್ನು ಕರೆದಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮೊದಲು ಈ ಜಾಗ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ನೋಡಲಿಕ್ಕೆ ಹೋಟೆಲ್ಲೇ. ಬಿಳಿ ಬಟ್ಟೆ ಹಾಸಿದ ಹತ್ತು ಹನ್ನೆರಡು ಟೇಬಲ್ಲು, ಮಡಿಸಿಟ್ಟ ನ್ಯಾಪ್ಕಿನ್ನು, ಸಾಲಾಗಿ ಚಮಚ, ಫೋರ್ಕು. ಆದರೆ ಕಾಲೇಜಿನ ಲೆಕ್ಕದಲ್ಲಿ ಇದು ಲ್ಯಾಬು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಿಪೆಟ್ಟು ಇರುವ ಹಾಗೆ ಇಲ್ಲಿ ನಾವು ಇರುತ್ತೇವೆ. ಟೇಬಲ್ಲಿನಲ್ಲಿ ಗಿರಾಕಿ ಕೂರದಿದ್ದರೆ ಅವತ್ತಿನ ಪಾಠವೇ ಇಲ್ಲ. ಒಳಗೆ ಅಡಿಗೆ ಮಾಡುವವರೂ ಮಕ್ಕಳೇ, ಹೊರಗೆ ಬಡಿಸುವವರೂ ಮಕ್ಕಳೇ. ಈ ವಾರ ಒಲೆ ಮುಂದೆ ನಿಂತವನು ಮುಂದಿನ ವಾರ ನೀರಿನ ಜಗ್ಗು ಹಿಡಿದು ನಿಲ್ಲುತ್ತಾನೆ. ಮೇಷ್ಟ್ರುಗಳು ಗೋಡೆ ಪಕ್ಕ ನಿಂತು ನೋಡುತ್ತಿರುತ್ತಾರೆ.

ಅಲ್ಲಿಗೆ ಬರುವ ಹೊತ್ತಿಗೆ ಮಕ್ಕಳು ಸುಮಾರು ದೂರ ನಡೆದಿರುತ್ತಾರೆ. ಮೊದಲ ವರ್ಷ ಬೇಸಿಕ್ ಕಿಚನ್ನು. ಕ್ಯಾರೆಟ್ಟನ್ನು ಬೆಂಕಿಕಡ್ಡಿ ಥರ ಉದ್ದಕ್ಕೆ ಹೆಚ್ಚಿದರೆ ಜೂಲಿಯನ್. ಅದೇ ಕಡ್ಡಿಗಳನ್ನು ಅಡ್ಡ ಹೆಚ್ಚಿ ಪುಟ್ಟ ಪುಟ್ಟ ಚೌಕ ಮಾಡಿದರೆ ಬ್ರೂನ್ವಾ. ಒಂದೇ ಅಳತೆ ಬರುವ ತನಕ ಬಿಡುವುದಿಲ್ಲ. ಇದೇನು ಚಂದಕ್ಕಾ ಅಂದುಕೊಂಡಿದ್ದೆ. ಅಲ್ಲವಂತೆ. ತುಂಡು ಒಂದೇ ಸಮ ಇದ್ದರೆ ಒಂದೇ ಸಮ ಬೇಯುತ್ತದೆ. ನಮ್ಮ ಮನೆ ಹುಳಿಯಲ್ಲಿ ಅರ್ಧ ಆಲೂಗಡ್ಡೆ ಕರಗಿ ಅರ್ಧ ಗಟ್ಟಿ ಉಳಿಯುವುದು ಯಾಕೆ ಅಂತ ಈ ವಯಸ್ಸಿಗೆ ಗೊತ್ತಾಯಿತು. ಎರಡನೇ ವರ್ಷ ಕ್ವಾಂಟಿಟಿ ಕಿಚನ್ನು. ಅಂದರೆ ದೊಡ್ಡ ಪಾತ್ರೆಯ ಅಡಿಗೆ. ಒಂದು ದಿನ ಪಂಜಾಬು, ಒಂದು ದಿನ ಬಂಗಾಳ, ಒಂದು ದಿನ ಕರ್ನಾಟಕ. ನಾಲ್ಕು ಜನರ ಅಡಿಗೆಯನ್ನು 25ರಿಂದ ಗುಣಿಸಿದರೆ ನೂರು ಜನರ ಅಡಿಗೆ ಆಗುವುದಿಲ್ಲ ಅನ್ನುವುದೇ ಆ ವರ್ಷದ ಪಾಠ. ಉಪ್ಪು, ಖಾರ, ನೀರು, ಯಾವುದೂ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ನಡುವೆ ಒಂದಷ್ಟು ತಿಂಗಳು ಹೊರಗೆ ದೊಡ್ಡ ಹೋಟೆಲಿನಲ್ಲಿ ಟ್ರೈನಿಂಗು. ಆಮೇಲೆ ಮೂರನೇ ವರ್ಷ.

ಈಗ ಬುಧವಾರಕ್ಕೆ ಬರೋಣ.

ನಾವು ಹೋದಾಗ ಬಾಗಿಲು ಇನ್ನೂ ತೆಗೆದಿರಲಿಲ್ಲ. ಗಾಜಿನಿಂದ ಒಳಗೆ ಕಾಣುತ್ತಿತ್ತು. ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದರು, ಎರಡೂ ಕೈ ಮುಂದಕ್ಕೆ ಚಾಚಿ. ಮೇಷ್ಟ್ರು ಒಬ್ಬೊಬ್ಬರದೇ ಉಗುರು ನೋಡುತ್ತ ಹೋದರು. ಪ್ರೈಮರಿ ಶಾಲೆಯ ಸೋಮವಾರ ನೆನಪಾಯಿತು. ಆಮೇಲೆ ಬೂಟು, ಗಡ್ಡ, ಜಡೆ, ಜೇಬಿನಲ್ಲಿ ಪೆನ್ನು. ಒಬ್ಬ ಹುಡುಗ ಪೆನ್ನು ತಂದಿರಲಿಲ್ಲ. ಅವನ ಮುಖ ನೋಡಬೇಕಿತ್ತು, ಪಾಪ.

ಕೂತೆವು. ಒಬ್ಬ ಹುಡುಗ ಬಂದು ನನ್ನ ಬಲಗಡೆ ನಿಂತು ಲೋಟಕ್ಕೆ ನೀರು ಹಾಕಿದ. ಜಗ್ಗಿನ ಮೂತಿ ಲೋಟದ ಅಂಚಿಗೆ ಟಿಕ್ ಟಿಕ್ ಅಂತ ತಾಗುತ್ತಿತ್ತು. ಕೈ ನಡುಗುತ್ತಿತ್ತು. ಒಂದು ಹನಿಯೂ ಚೆಲ್ಲಲಿಲ್ಲ. ಹಾಕಿ ಮುಗಿಸಿದವನು ‘ಉಫ್’ ಅಂತ ಉಸಿರು ಬಿಟ್ಟ. ಅದು ಪಾಠದಲ್ಲಿ ಇರಲಿಲ್ಲ ಅನಿಸುತ್ತದೆ.

ಆಮೇಲೆ ಟೊಮೇಟೊ ಸೂಪು. ನಮ್ಮ ಟೇಬಲ್ಲಿನಲ್ಲಿ ನಾಲ್ಕು ಜನ. ಇನ್ನಿಬ್ಬರು ಬೇರೆ ಹುಡುಗಿಯ ಅಪ್ಪ ಅಮ್ಮ. ಹುಡುಗ ಮೊದಲು ನಮ್ಮ ಮನೆಯವರ ಹತ್ತಿರ ಹೋದ. ಇವಳಿಗೆ ಗಾಬರಿ. ಐವತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳು. ‘ಅವರಿಗೆ ಮೊದಲು ಹಾಕಪ್ಪ’ ಅಂತ ನನ್ನ ಕಡೆ ಕೈ ತೋರಿಸಿದಳು. ಹುಡುಗ ಕದಲಲಿಲ್ಲ. ಮೆಲ್ಲಗೆ ಅಂದ: ‘ಇಲ್ಲ ಮೇಡಂ, ಮೊದಲು ಲೇಡೀಸು. ಇಲ್ಲಾಂದ್ರೆ ಮಾರ್ಕ್ಸ್ ಹೋಗತ್ತೆ.’ ಇವಳು ಸೂಪನ್ನು ಮುಂದಿಟ್ಟುಕೊಂಡು ನಾವೆಲ್ಲ ಚಮಚ ಎತ್ತುವ ತನಕ ಮುಟ್ಟಲಿಲ್ಲ. ಅಷ್ಟರಲ್ಲಿ ಅವಳ ಸೂಪು ಆರಿತ್ತು. ಅದಕ್ಕೆ ಕಾಲೇಜು ಕಾರಣವೋ ನಮ್ಮ ಮನೆ ಕಾರಣವೋ, ನೀವೇ ಹೇಳಿ.

ಟೇಬಲ್ಲಿನ ಈ ಶಿಸ್ತೆಲ್ಲ ಇಂಗ್ಲಿಷರ ಆಟ ಅಂತ ನಗುವವರಿದ್ದಾರೆ. ನಮ್ಮ ಪಂಕ್ತಿಯಲ್ಲಿ ಏನು ಕಮ್ಮಿಯೇ? ಎಲೆಯ ತುದಿ ಎಡಕ್ಕೆ ಬರಬೇಕು. ಉಪ್ಪು ಎಡ ಮೂಲೆಗೆ ಬೀಳಬೇಕು. ಕೋಸಂಬರಿ ಎಲ್ಲಿ, ಪಲ್ಯ ಎಲ್ಲಿ, ಒಂದೂ ಅತ್ತಿತ್ತ ಆಗುವ ಹಾಗಿಲ್ಲ. ಚಿಕ್ಕವನಿದ್ದಾಗ ಮದುವೆಯೊಂದರಲ್ಲಿ ಉಪ್ಪನ್ನು ಎಲೆಯ ಬಲಗಡೆ ಹಾಕಿ ಸೋದರಮಾವನಿಂದ ಬೈಸಿಕೊಂಡಿದ್ದೇನೆ. ನನ್ನ ಟ್ರೈನಿಂಗ್ ರೆಸ್ಟೋರೆಂಟು ಅದು.

ಸೂಪಿನ ನಂತರ ಸಿಲ್ವರ್ ಸರ್ವಿಸ್. ಅಂದರೆ ತಟ್ಟೆಯಲ್ಲಿ ಹಾಕಿಕೊಂಡು ಬರುವುದಿಲ್ಲ. ದೊಡ್ಡ ತಟ್ಟೆಯನ್ನು ಎಡಗೈ ಮೇಲೆ ಇಟ್ಟುಕೊಂಡು ನಿಮ್ಮ ಎಡಗಡೆ ಬಗ್ಗುತ್ತಾರೆ. ಬಲಗೈಯಲ್ಲಿ ಚಮಚ ಮತ್ತು ಫೋರ್ಕು ಎರಡನ್ನೂ ಇಕ್ಕಳದ ಹಾಗೆ ಹಿಡಿದು ಎತ್ತಿ ನಿಮ್ಮ ತಟ್ಟೆಗೆ ಇಳಿಸುತ್ತಾರೆ. ಮನೆಯಲ್ಲಿ ಪ್ರಯತ್ನ ಮಾಡಿ ನೋಡಿ. ನಾನು ಆಮೇಲೆ ಮಾಡಿದೆ, ಒಂದು ನಿಂಬೆಹಣ್ಣನ್ನು ಎತ್ತಲು ಹೋಗಿ ಅದು ಸೋಫಾ ಕೆಳಗೆ ಹೋಯಿತು. ಕಾಲೇಜಿನಲ್ಲಿ ಹೋಗಿದ್ದು ಆಲೂಗಡ್ಡೆ. ಬೆಣ್ಣೆಯಲ್ಲಿ ಹೊರಳಿಸಿದ ಗುಂಡು ಆಲೂಗಡ್ಡೆ ಚಮಚದಿಂದ ಜಾರಿ ಬಿಳಿ ಬಟ್ಟೆಯ ಮೇಲೆ ಉರುಳಿ ನನ್ನ ಮೊಣಕೈ ಹತ್ತಿರ ಬಂದು ನಿಂತಿತು. ಟೇಬಲ್ಲಿನ ನಾಲ್ಕೂ ಜನ ಅದನ್ನೇ ನೋಡುತ್ತಿದ್ದೆವು. ಹುಡುಗಿ ‘ಸಾರಿ ಸರ್’ ಅಂದಳು. ಬೇರೆ ಚಮಚ ತಂದು ಅದನ್ನು ಪುಟ್ಟ ತಟ್ಟೆಗೆ ಎತ್ತಿದಳು. ಬೆಣ್ಣೆ ಕಲೆಯ ಮೇಲೆ ಒಗೆದ ನ್ಯಾಪ್ಕಿನ್ನು ಮಡಿಸಿ ಮುಚ್ಚಿದಳು. ತಿರುಗಿ ಬಂದು ಹೊಸ ಆಲೂಗಡ್ಡೆ ಬಡಿಸಿದಳು. ಒಂದು ನಿಮಿಷದ ಕೆಲಸ. ಗೋಡೆ ಪಕ್ಕದ ಮೇಷ್ಟ್ರು ಕದಲಲೂ ಇಲ್ಲ, ಕಣ್ಣು ಕೆಕ್ಕರಿಸಲೂ ಇಲ್ಲ. ಆ ಆಲೂಗಡ್ಡೆ ಬಿದ್ದಿದ್ದೇ ಅವತ್ತಿನ ಊಟದಲ್ಲಿ ನಾನು ಕಂಡ ದೊಡ್ಡ ವಿಷಯ. ಬೀಳದಿದ್ದರೆ ಬಿದ್ದಾಗ ಏನು ಮಾಡಬೇಕು ಅಂತ ಅವಳು ಯಾವಾಗ ಕಲಿಯುವುದು?

ಇನ್ನೊಂದು. ನಮ್ಮ ಮನೆಯವರು ಮೊಟ್ಟೆ ತಿನ್ನುವುದಿಲ್ಲ. ನಾನು ತಿನ್ನುತ್ತೇನೆ, ನಮ್ಮಕ್ಕನಿಗೆ ಹೇಳಬೇಡಿ. ಬ್ರೆಡ್ಡು ಬಂದಾಗ ಇವಳು ‘ಇದಕ್ಕೆ ಮೊಟ್ಟೆ ಹಾಕಿದ್ದೀರಾ?’ ಅಂತ ಕೇಳಿದಳು. ಹೊರಗಿನ ಹೋಟೆಲಿನಲ್ಲಿ ಈ ಪ್ರಶ್ನೆಗೆ ಉತ್ತರ ಯಾವಾಗಲೂ ರೆಡಿ. ‘ಇಲ್ಲ ಮೇಡಂ, ಪ್ಯೂರ್ ವೆಜ್.’ ಕೇಳುವ ಮುಂಚೆಯೇ ತಲೆ ಆಡಿಸುತ್ತಾರೆ. ಈ ಹುಡುಗ ಒಂದು ಕ್ಷಣ ಸುಮ್ಮನಿದ್ದು, ‘ನನಗೆ ಗೊತ್ತಿಲ್ಲ ಮೇಡಂ, ಕೇಳಿಕೊಂಡು ಬರ್ತೀನಿ’ ಅಂದ. ಒಳಗೆ ಹೋಗಿ ಬಂದು, ‘ಒಳಗೆ ಹಾಕಿಲ್ಲ, ಆದರೆ ಹೊಳಪು ಬರಲಿ ಅಂತ ಮೇಲೆ ಸವರಿದ್ದಾರೆ’ ಅಂದ. ತಟ್ಟೆ ಎತ್ತಿಕೊಂಡು ಹೋದ. ಗೊತ್ತಿಲ್ಲ ಅನ್ನುವ ಸಪ್ಲೈಯರನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು.

ಮುಖ್ಯ ಊಟದಲ್ಲಿ ಒಂದು ಕರ್ನಾಟಕದ ಐಟಂ ಇತ್ತು. ಬಿಸಿಬೇಳೆ ಭಾತು. ಮಾಡಿದವನು ರಾಂಚಿ ಕಡೆಯ ಹುಡುಗ. ಇಂಥ ಕಾಲೇಜುಗಳಿಗೆ ಎಲ್ಲ ರಾಜ್ಯದ ಮಕ್ಕಳೂ ಬರುತ್ತಾರೆ. ಬೆಂಗಳೂರಿಗೆ ಬರುವವರೆಗೆ ಬಿಸಿಬೇಳೆ ಭಾತು ಅನ್ನುವ ಪದವನ್ನೇ ಅವನು ಕೇಳಿರಲಿಲ್ಲ. ಅವನ ಹತ್ತಿರ ಕಾಗದದಲ್ಲಿ ಅಳತೆ ಇತ್ತು. ಅಕ್ಕಿ ಇಷ್ಟು ಗ್ರಾಂ, ತೊಗರಿಬೇಳೆ ಇಷ್ಟು ಗ್ರಾಂ, ಹುಣಸೆಹಣ್ಣು ಇಷ್ಟು, ನೀರು ಇಷ್ಟು ಮಿಲಿ. ಅಳತೆಯಲ್ಲಿ ತಪ್ಪಿರಲಿಲ್ಲ, ರುಚಿಯೂ ಇತ್ತು. ಆದರೆ ತಟ್ಟೆಯಲ್ಲಿ ಅದು ಗಟ್ಟಿಯಾಗಿ ಕೂತಿತ್ತು, ಅಚ್ಚಿಗೆ ಹಾಕಿ ತೆಗೆದ ಹಾಗೆ. ಬಿಸಿಬೇಳೆ ಭಾತು ತಟ್ಟೆಗೆ ಬಿದ್ದರೆ ಹರಿಯಬೇಕು, ಸಾರಿನಷ್ಟು ಅಲ್ಲ, ಮೆಲ್ಲಗೆ. ಒಲೆ ಆರಿಸಿದ ಮೇಲೂ ಅನ್ನ ಬೇಳೆ ಎರಡೂ ನೀರು ಕುಡಿಯುತ್ತಲೇ ಇರುತ್ತವೆ. ಹನ್ನೊಂದು ಗಂಟೆಗೆ ಸರಿ ಇದ್ದದ್ದು ಒಂದು ಗಂಟೆಗೆ ಮುದ್ದೆ. ಬಡಿಸುವ ಮುಂಚೆ ಕುದಿಯುವ ನೀರು ಹಾಕಿ ಸಡಿಲ ಮಾಡಿಕೊಳ್ಳಬೇಕು. ಎಷ್ಟು ನೀರು? ಅದು ಕಾಗದದಲ್ಲಿ ಇರುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಂದೇ ಮಾತು: ಹದ.

ಹದ ಅನ್ನುವುದು ಸೌಟು ಹಿಡಿದವನ ಕೈಗೆ ಗೊತ್ತಿರುತ್ತದೆ, ತಿನ್ನುವವನ ನಾಲಿಗೆಗೆ ಗೊತ್ತಿರುತ್ತದೆ. ಆ ಹುಡುಗನ ಕೈಗೆ ಇನ್ನೂ ಬಂದಿರಲಿಲ್ಲ. ನನ್ನ ನಾಲಿಗೆಗೆ ಅರವತ್ತು ವರ್ಷದಿಂದ ಗೊತ್ತು. ಅವನು ಅಡಿಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಏನು ಮಾಡಿದೆ? ಹೆಬ್ಬೆರಳು ಎತ್ತಿ ತೋರಿಸಿದೆ.

ಕೊನೆಗೆ ಕ್ಯಾರಮೆಲ್ ಕಸ್ಟರ್ಡು. ಬುಡಮೇಲು ಮಾಡಿ ತಟ್ಟೆಗೆ ಇಳಿಸಿದ್ದು, ಮೇಲಿಂದ ಕಂದು ಪಾಕ ಇಳಿಯುತ್ತಿತ್ತು. ಮನೆಯವಳದೂ ನನ್ನ ಪಾಲಿಗೇ ಬಂತು. ಪಕ್ಕದಲ್ಲೆಲ್ಲ ಸೂಜಿಯಿಂದ ಚುಚ್ಚಿದ ಹಾಗೆ ತೂತು ತೂತು. ಕಸ್ಟರ್ಡನ್ನು ನೀರಿನ ತಟ್ಟೆಯಲ್ಲಿಟ್ಟು ಸಣ್ಣ ಶಾಖದಲ್ಲಿ ಬೇಯಿಸಬೇಕು. ಸುತ್ತಲಿನ ನೀರು ಕುದಿಯಲು ಶುರುವಾದರೆ ಮೊಟ್ಟೆ ಬಿಗಿದುಕೊಳ್ಳುತ್ತದೆ, ಒಳಗೆಲ್ಲ ಗುಳ್ಳೆ ಏಳುತ್ತದೆ, ಆ ಗುಳ್ಳೆಗಳೇ ತೂತಾಗಿ ಉಳಿಯುತ್ತವೆ. ಇದು ನನಗೆ ಆಗ ಗೊತ್ತಿರಲಿಲ್ಲ. ತೂತು ಕಂಡಿತ್ತು. ಬಾಯಿಗೆ ಸ್ವಲ್ಪ ರಬ್ಬರು ಅನಿಸಿತ್ತು. ಎರಡೂ ತಿಂದು ‘ಚೆನ್ನಾಗಿತ್ತು’ ಅಂತ ಬರೆದೆ.

ಸಂಜೆ ಮೊಮ್ಮಗಳ ಫೋನು. ‘ತಾತ, ಕಸ್ಟರ್ಡು ನಾನೇ ಮಾಡಿದ್ದು.’

‘ಹೌದಾ ಪುಟ್ಟಿ? ಚೆನ್ನಾಗಿತ್ತು.’

‘ತೂತು ಬಿದ್ದಿತ್ತು. ನಿಮಗೆ ಕಾಣಲಿಲ್ವಾ?’

‘ಕಾಣ್ತು.’

‘ಮತ್ತೆ?’

ಆ ‘ಮತ್ತೆ?’ಗೆ ನಾನು ಇವತ್ತಿಗೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ನಮಗೆ ಇದು ಅಭ್ಯಾಸವಾಗಿಬಿಟ್ಟಿದೆ ನೋಡಿ. ಮದುವೆಮನೆಯಲ್ಲಿ ಹುಡುಗಿಯ ಅಪ್ಪ ಬಂದು ‘ಊಟ ಹೇಗಿತ್ತು?’ ಅಂದರೆ ‘ಬೊಂಬಾಟ್’ ಅನ್ನುತ್ತೇವೆ. ಚಪ್ಪಲಿ ಹಾಕಿಕೊಳ್ಳುವಾಗ ‘ಸಾರು ಸಪ್ಪೆ, ಹೋಳಿಗೆ ಚರ್ಮ’ ಅಂತ ಶುರು. ಬಸ್ಸು ಹತ್ತುವ ಹೊತ್ತಿಗೆ ಅಡಿಗೆ ಭಟ್ಟರ ಮೂರು ತಲೆಮಾರು ವಿಚಾರಿಸಿ ಆಗಿರುತ್ತದೆ. ಭಟ್ಟರ ಕಿವಿಗೆ ಮಾತ್ರ ಒಂದಕ್ಷರವೂ ಬೀಳುವುದಿಲ್ಲ. ಮನೆಯಲ್ಲಿ ಇನ್ನೊಂದು ಥರ. ಹೆಂಡತಿ ಮಾಡಿದ್ದು ಚೆನ್ನಾಗಿದ್ದರೆ ಬಾಯಿ ಬಿಡುವುದಿಲ್ಲ, ಉಪ್ಪು ಕಮ್ಮಿಯಾದರೆ ಮಾತ್ರ ಬಾಯಿ. (ಇಲ್ಲಿ ಸಭೆಯಲ್ಲಿ ಹೆಂಗಸರು ಜೋರಾಗಿ ಚಪ್ಪಾಳೆ ಹೊಡೆದರು. ಅದನ್ನೂ ಬರೆಯಬೇಕು ಅಂತ ಅಪ್ಪಣೆಯಾಗಿದೆ.)

ಹಳೇ ಉಡುಪಿ ಹೋಟೆಲುಗಳೂ ಶಾಲೆಗಳೇ. ಫೀಸಿಲ್ಲ, ಸರ್ಟಿಫಿಕೇಟಿಲ್ಲ. ಕರಾವಳಿಯಿಂದ ಹತ್ತು ಹನ್ನೆರಡು ವರ್ಷದ ಮಾಣಿ ಬಸ್ಸು ಹತ್ತಿ ಬರುತ್ತಿದ್ದ. ಮೊದಲು ಲೋಟ ತೊಳೆಯುವುದು, ಟೇಬಲ್ ಒರೆಸುವುದು. ಆಮೇಲೆ ಸಪ್ಲೈ. ಆಮೇಲೆ ರುಬ್ಬುವ ಕಲ್ಲು. ಯಾರೂ ಕೂರಿಸಿಕೊಂಡು ಹೇಳಿಕೊಡುತ್ತಿರಲಿಲ್ಲ. ಕಣ್ಣಲ್ಲಿ ಕದ್ದು ಕಲಿಯಬೇಕು. ತಪ್ಪಿದರೆ ತಲೆಗೊಂದು ಮೊಟಕು. ಹಾಗೆ ಪಾತ್ರೆ ತೊಳೆಯುವಲ್ಲಿಂದ ಗಲ್ಲಾದವರೆಗೆ ಬಂದವರು ಎಷ್ಟು ಜನ! ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರೂ ಅಡಿಗೆಮನೆಯ ಚಿಲ್ಲರೆ ಕೆಲಸದಿಂದಲೇ ಮೇಲೆ ಬಂದವರು. ಬೆಂಗಳೂರಿನಲ್ಲಿ 1924ರಲ್ಲಿ ಎಂಟಿಆರ್ ಶುರುಮಾಡಿದ ಪರಂಪಳ್ಳಿಯ ಮಯ್ಯ ಸೋದರರು ಯಾವ ಕಾಲೇಜಿಗೆ ಹೋಗಿದ್ದರು? ಆದರೆ ಆ ಸೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು, ತಮ್ಮ ಹೋಟೆಲಿನಲ್ಲಿ ತಟ್ಟೆ ಲೋಟಗಳನ್ನು ಹಬೆಯಲ್ಲಿ ತೊಳೆಯುವ ವ್ಯವಸ್ಥೆ ಮಾಡಿದರು. ಅಷ್ಟು ದೊಡ್ಡ ಮನುಷ್ಯ ಆ ವಯಸ್ಸಿನಲ್ಲಿ ವಿದ್ಯಾರ್ಥಿಯಾಗಿ ಹೋಗಿ ಬಂದದ್ದು ನನಗೆ ಭಾರಿ ಇಷ್ಟ.

ಆ ಹೋಟೆಲುಗಳಲ್ಲಿ ಒಂದು ಅನುಕೂಲ ಇತ್ತು. ದಿನಾ ಬರುವ ಗಿರಾಕಿ ಗಲ್ಲಾದಲ್ಲಿ ಚಿಲ್ಲರೆ ಎಣಿಸಿ ಕೊಡುತ್ತ ‘ಭಟ್ರೇ, ಇವತ್ತು ಚಟ್ನಿಗೆ ಕಾಯಿ ಹಾಕೋದು ಮರೆತ್ರಾ?’ ಅನ್ನುತ್ತಿದ್ದ. ನಾಳೆಯೂ ಅಲ್ಲೇ ತಿನ್ನಬೇಕಲ್ಲ, ಅದಕ್ಕೇ ಹೇಳುತ್ತಿದ್ದ. ಈಗ ಮೊಬೈಲಿನಲ್ಲಿ ನಕ್ಷತ್ರ ಒತ್ತುತ್ತೇವೆ. ಮೂರು ನಕ್ಷತ್ರ ನೋಡಿ ಯಾವ ಅಡಿಗೆಯವನಿಗೆ ಉಪ್ಪಿನ ಹದ ಗೊತ್ತಾಗುತ್ತದೆ?

ಶಾಲೆ ಕಟ್ಟಿ ಈ ವಿದ್ಯೆ ಕಲಿಸುವುದು ಯುರೋಪಿನಲ್ಲಿ ಮೊದಲು ಶುರುವಾದದ್ದು. ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿ 1893ರಲ್ಲಿ ಹೋಟೆಲ್ ಶಾಲೆ ತೆರೆದರು. ಪ್ರವಾಸಿಗಳು ದಂಡಿಯಾಗಿ ಬರುತ್ತಿದ್ದರು, ತಿಳಿದ ಕೆಲಸಗಾರರು ಸಿಗುತ್ತಿರಲಿಲ್ಲ. ಆ ಶಾಲೆ ಇವತ್ತಿಗೂ ಇದೆ. ಅದರ ವಿದ್ಯಾರ್ಥಿಗಳು ಕೆಲಸ ಮಾಡುವ ರೆಸ್ಟೋರೆಂಟಿಗೆ 2019ರಲ್ಲಿ ಮಿಶೆಲಿನ್ ನಕ್ಷತ್ರವೇ ಸಿಕ್ಕಿತು, ಮೊಬೈಲಿನದ್ದಲ್ಲ, ಒಳ್ಳೆಯ ಅಡಿಗೆಗೆ ಮಿಶೆಲಿನ್ ಗೈಡಿನವರು ಕೊಡುವ ದೊಡ್ಡ ಮನ್ನಣೆ. ಅಮೆರಿಕದ ‘ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ’ ಹುಟ್ಟಿದ್ದು 1946ರಲ್ಲಿ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಬದುಕಲು ಒಂದು ಕಸುಬು ಬೇಕಿತ್ತು. 1972ರಲ್ಲಿ ಅದು ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿಗೆ ಹೋಯಿತು. ಹಡ್ಸನ್ ನದಿ ದಂಡೆಯಲ್ಲಿ, ಮೊದಲು ಪಾದ್ರಿಗಳು ಓದುತ್ತಿದ್ದ ಕಟ್ಟಡ. ಅಲ್ಲಿ ಒಂದಕ್ಕಿಂತ ಹೆಚ್ಚು ರೆಸ್ಟೋರೆಂಟುಗಳನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ, ಊರ ಜನ ಟೇಬಲ್ ಬುಕ್ ಮಾಡಿ ಹೋಗುತ್ತಾರೆ. ಲಂಡನ್ನಿನ ವಿನ್ಸೆಂಟ್ ಸ್ಕ್ವೇರಿನಲ್ಲೂ ಇಂಥದ್ದೊಂದು ಇದೆ.

ಅಡಿಗೆಮನೆಯ ಶಿಸ್ತು ಫ್ರಾನ್ಸಿನ ಎಸ್ಕೋಫಿಯೆ ಎಂಬ ಬಾಣಸಿಗನದ್ದು. 1870ರ ಯುದ್ಧದಲ್ಲಿ ಸೈನ್ಯಕ್ಕೆ ಅಡಿಗೆ ಮಾಡಿದವನು. ಆಮೇಲೆ 1890ರಿಂದ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಅಡಿಗೆಮನೆಯನ್ನೇ ಪಡೆಯ ಹಾಗೆ ಭಾಗ ಮಾಡಿದ. ಸಾಸಿಗೊಬ್ಬ, ತರಕಾರಿಗೊಬ್ಬ, ಮೀನಿಗೊಬ್ಬ. ನಮ್ಮ ಕಾಲೇಜಿನ ಒಳಗಿಂದ ಇಪ್ಪತ್ತು ಗಂಟಲಲ್ಲಿ ‘ಯೆಸ್ ಶೆಫ್’ ಕೇಳಿದಾಗ ನಮ್ಮ ಮನೆಯವರು ‘ಒಳಗೇನು ಎನ್‌ಸಿಸಿ ನಡೀತಿದೆಯಾ?’ ಅಂದರು. ಅವಳಿಗೆ ಗೊತ್ತಿಲ್ಲದೇ ಸರಿಯಾಗಿಯೇ ಹೇಳಿದ್ದಳು.

ನಮ್ಮ ದೇಶದ ಕಥೆ ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿತು. ಸ್ವಾತಂತ್ರ್ಯ ಬಂದ ಹೊಸತು. ಅಕ್ಕಿ ಗೋಧಿಗೆ ಬರ, ಎಲ್ಲದಕ್ಕೂ ರೇಷನ್ನು. ಆಗ ಲೀಲಾವತಿ ಮುನ್ಷಿಯವರ ಮುಂದಾಳತ್ವದಲ್ಲಿ ಹೆಂಗಸರ ಒಂದು ಆಹಾರ ಮಂಡಳಿ ಕೆಲಸ ಮಾಡುತ್ತಿತ್ತು. ಅವರ ಗಂಡ ಕೆ.ಎಂ. ಮುನ್ಷಿ ಆಗ ಕೇಂದ್ರದಲ್ಲಿ ಆಹಾರ ಮಂತ್ರಿ. ಈ ಹೆಂಗಸರು ‘ಅನ್ನಪೂರ್ಣ’ ಅಂತ ಕ್ಯಾಂಟೀನುಗಳನ್ನು ನಡೆಸಿದರು. ರೇಷನ್ ಧಾನ್ಯ ಬಿಟ್ಟು ಗೆಡ್ಡೆ ಗೆಣಸು ಥರದ್ದರಲ್ಲಿ ಊಟ ಮಾಡಬಹುದು ಅಂತ ಜನಕ್ಕೆ ತೋರಿಸುವುದು ಅದರ ಉದ್ದೇಶ. ಹೆಸರು ಅನ್ನಪೂರ್ಣ, ಒಳಗೆ ಅನ್ನವೇ ಇಲ್ಲ! ಅದೇ ಹೆಂಗಸರ ಮಂಡಳಿ 1954ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ತೆರೆಯಿತು. ಆಮೇಲೆ ದೆಹಲಿ, ಮದ್ರಾಸು, ಕಲ್ಕತ್ತ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲೂ ಒಂದಿದೆ, ಎಷ್ಟೋ ಸಲ ಅದರ ಮುಂದೆ ಬಸ್ಸಿನಲ್ಲಿ ಹೋಗಿದ್ದೇವೆ, ತಲೆ ಎತ್ತಿ ನೋಡಿಲ್ಲ. ಮಣಿಪಾಲದ ಕಾಲೇಜಿನಲ್ಲಂತೂ ದೊಡ್ಡ ಮಡಕೆಯ ಆಕಾರದಲ್ಲಿ ಪಾತ್ರೆ ಪರಡಿಗಳ ಮ್ಯೂಸಿಯಮ್ಮೇ ಇದೆ, ಅಲ್ಲೇ ಓದಿದ ಬಾಣಸಿಗ ವಿಕಾಸ್ ಖನ್ನಾ ಮಾಡಿಸಿದ್ದು. ಬರದ ಕಾಲ ಅಂದರೆ ಇನ್ನೊಂದು ನೆನಪಾಗುತ್ತದೆ. ಎರಡನೇ ಮಹಾಯುದ್ಧದ ದಿನಗಳಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಮಾಡಿ ನೋಡಿದ್ದೇ ಎಂಟಿಆರಿನ ರವೆ ಇಡ್ಲಿ. ಇಲ್ಲದಿದ್ದಾಗಲೇ ಈ ಜನಕ್ಕೆ ತಲೆ ಓಡುವುದು.

ಈಗ ನೀವು ಕೇಳಿದ ಪ್ರಶ್ನೆಗಳು.

ಒಬ್ಬರು ಕೇಳಿದರು, ಫೀಸು ಕೊಟ್ಟು ಸೇರಿದ ಮಕ್ಕಳ ಕೈಲಿ ದುಡಿಸಿ ನಮ್ಮ ಹತ್ತಿರ ದುಡ್ಡು ತಗೊಳ್ಳುತ್ತಾರಲ್ಲ, ಇದು ಯಾವ ನ್ಯಾಯ ಅಂತ. ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನಾನು ಹೋದ ಕಡೆ ಬಿಲ್ಲು ಹೊರಗಿನ ಹೋಟೆಲಿನ ಅರ್ಧವೂ ಇರಲಿಲ್ಲ, ಸಾಮಾನಿನ ಖರ್ಚು ಹುಟ್ಟಿದರೆ ಹೆಚ್ಚು. ಅಲ್ಲಿ ದುಡಿಸುತ್ತಾರೆ ಅಂತ ನನಗೆ ಅನಿಸಲಿಲ್ಲ. ಆದರೆ ಟ್ರೈನಿಂಗ್ ಹೆಸರಲ್ಲಿ ಹೊರಗಿನ ಹೋಟೆಲುಗಳಿಗೆ ಕಳಿಸಿದಾಗ ಮಕ್ಕಳು ಹನ್ನೆರಡು ಗಂಟೆ ನಿಂತು ಬರೀ ಬೆಳ್ಳುಳ್ಳಿ ಬಿಡಿಸಿ ಬಂದ ಕಥೆಗಳನ್ನು ಮೊಮ್ಮಗಳಿಂದ ಕೇಳಿದ್ದೇನೆ. ಆ ಬಗ್ಗೆ ನನಗೆ ಸಿಟ್ಟಿದೆ. ನಮ್ಮ ಮಾಣಿಗಳ ಕಾಲದ ಮೊಟಕು ಅಲ್ಲಿ ಇನ್ನೂ ಹೋಗಿಲ್ಲ.

ಇನ್ನೊಬ್ಬರು, ನಾವೂ ಹೋಗಬಹುದಾ ಅಂದರು. ಎಲ್ಲ ಕಡೆ ಹೊರಗಿನವರನ್ನು ಬಿಡುವುದಿಲ್ಲ, ಫೋನ್ ಮಾಡಿ ಕೇಳಬೇಕು. ಪರೀಕ್ಷೆ, ರಜೆ ನೋಡಿಕೊಳ್ಳಿ. ಮೆನು ಅವರು ಹೇಳಿದ್ದೇ, ನನಗೆ ಮಸಾಲೆ ದೋಸೆ ಕೊಡಿ ಅಂದರೆ ಆಗದು. ಮುಖ್ಯವಾಗಿ, ಅರ್ಜೆಂಟು ಇದ್ದವರು ಹೋಗಬೇಡಿ. ನಮ್ಮ ಊಟಕ್ಕೆ ಎರಡು ಗಂಟೆ ಹಿಡಿಯಿತು. ಎರಡನೇ ಸಲ ಎರಡೂಕಾಲು.

ಹೌದು, ಎರಡನೇ ಸಲವೂ ಹೋದೆವು. ಕರೆಯದಿದ್ದರೂ ನಾನೇ ಮೊಮ್ಮಗಳಿಗೆ ಫೋನ್ ಮಾಡಿ ಕೇಳಿದೆ. ಈ ಸಲ ಕಾಗದದಲ್ಲಿ ಬರೆದೆ: ಪಲ್ಯದ ಬೀನ್ಸು ಬೆಂದಿಲ್ಲ, ಸಾಸಿವೆ ಸಿಡಿಯುವ ಮುಂಚೆಯೇ ಒಗ್ಗರಣೆ ಹಾಕಿದ್ದೀರಿ, ತಟ್ಟೆ ತಣ್ಣಗಿತ್ತು, ನೀರು ಕೇಳುವ ಮುಂಚೆ ಬಂತು, ಅದು ಖುಷಿಯಾಯಿತು. ಬರೆಯುವಾಗ ಕೈ ಹಿಂದೆ ಹಿಂದೆ ಎಳೆಯುತ್ತಿತ್ತು. ಅತಿಥಿಯಾಗಿ ಬಂದು ಹೆಸರಿಡುವುದಾ ಅಂತ. ಆದರೂ ಬರೆದೆ. ಮೇಷ್ಟ್ರು ಓದಿ ನಕ್ಕು ಜೇಬಿಗಿಟ್ಟುಕೊಂಡರು.

ಅವತ್ತು ರಾಂಚಿ ಹುಡುಗನದು ಬಡಿಸುವ ಸರದಿ. ಆದರೆ ಬಿಸಿಬೇಳೆ ಭಾತನ್ನು ತಾನೇ ಮಾಡ್ತೀನಿ ಅಂತ ಬೆಳಿಗ್ಗೆ ಬೇಗ ಬಂದು ಒಳಗೆ ಸೇರಿದ್ದನಂತೆ. ತಟ್ಟೆಯ ಜೊತೆ ಒಂದು ಪುಟ್ಟ ಚೊಂಬಿನಲ್ಲಿ ಕುದಿಯುವ ನೀರನ್ನೂ ತಂದ. ಇದು ಯಾವ ಸಿಲ್ವರ್ ಸರ್ವಿಸ್ಸಿನಲ್ಲೂ ಇಲ್ಲ. ನಮ್ಮೆದುರಿಗೇ ಸ್ವಲ್ಪ ಸ್ವಲ್ಪ ಹಾಕಿ ಕಲಸಿದ. ಭಾತು ಮೆಲ್ಲಗೆ ಅಗಲಕ್ಕೆ ಹರಡಿಕೊಂಡಿತು. ತುಪ್ಪ ಬಿಟ್ಟ. ಮೊದಲು ಮೇಡಂಗೆ.

ನಮ್ಮ ಮನೆಯವಳು ಒಂದು ತುತ್ತು ತಿಂದು ‘ಚೆನ್ನಾಗಿದೆ’ ಅಂದಳು. ನಾನು ಟೇಬಲ್ ಕೆಳಗೆ ಕಾಲು ತಟ್ಟಿದೆ. ಇನ್ನೊಂದು ತುತ್ತು ತಿಂದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ತನ್ನ ದೂರದರ್ಶನದ ಹಿಂದಿಯಲ್ಲಿ, ‘ಮರಾಠಿ ಮೊಗ್ಗು ಥೋಡಾ ಜಾಸ್ತಿ’ ಅಂದಳು. ಪುಣ್ಯಕ್ಕೆ ಜಾಸ್ತಿ ಅನ್ನುವುದು ಎರಡೂ ಕಡೆ ನಡೆಯುತ್ತದೆ.

ಹುಡುಗ ಜೇಬಿನಿಂದ ಪುಟ್ಟ ನೋಟ್‌ಬುಕ್ಕು, ಪೆನ್ನು ತೆಗೆದ. ‘ಕಿತನಾ ಜಾಸ್ತಿ, ಮೇಡಂ?’

ಐವತ್ತು ವರ್ಷದಲ್ಲಿ ಇವಳು ಏನನ್ನೂ ತೂಗಿದವಳಲ್ಲ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಹತ್ತಿರ ತಂದು ತೋರಿಸಿದಳು. ಇಷ್ಟು.

ಅವನು ಆ ಬೆರಳುಗಳ ನಡುವಿನ ಸಂದನ್ನು ಬಗ್ಗಿ ನೋಡಿದ. ‘ಗ್ರಾಂ’ ಅಂತ ಬರೆದ. ಅದರ ಹಿಂದೆ ಹಾಕಬೇಕಾದ ಅಂಕಿಗೆ ಜಾಗ ಬಿಟ್ಟು, ಪೆನ್ನು ಹಿಡಿದುಕೊಂಡು ಇನ್ನೊಂದು ಸಲ ಅವಳ ಬೆರಳು ನೋಡಿದ.